ಮರೆತ ಟ್ರಿಗರ್ ಯಾರ ಹೊಣೆ: ಜಡ್ಜ್ ಆಗಿ ನನ್ನ ಅನುಭವ

ಮ್ಯಾಜಿಕ್: ದ ಗ್ಯಾದರಿಂಗ್ ಎಂಬ ಕಾರ್ಡ್ ಆಟದ ಟೂರ್ನಮೆಂಟ್‌ಗಳಲ್ಲಿ ಜಡ್ಜ್ ಆಗಿ ನಾನು ಮಾಡಿದ ಮೊದಲ ದೊಡ್ಡ ತಪ್ಪು, ಸುಮ್ಮನಿರಬೇಕಾದ ಕಡೆ ಬಾಯಿ ತೆರೆದದ್ದು. ಕಾಂಪಿಟಿಟಿವ್ ಮಟ್ಟದ ಪಂದ್ಯವೊಂದರ ಪಕ್ಕದಲ್ಲಿ ನಿಂತು ನೋಡುತ್ತಿದ್ದೆ. ಆಟಗಾರರೊಬ್ಬರ ಮುಂದೆ ಫೈರೆಕ್ಸಿಯನ್ ಅರೀನಾ ಇತ್ತು. ತನ್ನ ಒಡೆಯನಿಗೆ ಅವನ ಪ್ರತಿ ಅಪ್‌ಕೀಪ್‌ನ (ಟರ್ನ್‌ನಲ್ಲಿ ಕಾರ್ಡ್ ಎಳೆಯುವ ಮುಂಚಿನ ಹಂತ) ಆರಂಭದಲ್ಲಿ ಒಂದು ಕಾರ್ಡ್ ಕೊಟ್ಟು ಒಂದು ಲೈಫ್ (ಸೊನ್ನೆಗಿಳಿದರೆ ಸೋಲುವ ಅಂಕ) ಕಸಿಯುವ ಕಾರ್ಡ್ ಅದು. ಅವರು ಎಲ್ಲವನ್ನೂ ಅನ್‌ಟ್ಯಾಪ್ ಮಾಡಿ (ಬಳಸಿ ಓರೆಯಾಗಿಸಿದ್ದ ಕಾರ್ಡ್‌ಗಳನ್ನು ನೆಟ್ಟಗಾಗಿಸಿ), ಮಾಮೂಲಿನ ಒಂದೇ ಕಾರ್ಡ್ ಎಳೆದು, ಲ್ಯಾಂಡ್ ಒಂದನ್ನು ಮೇಜಿನ ಮೇಲಿಟ್ಟರು. "ಅರೀನಾ ಮರೆತಿರಿ" ಎಂಬ ಮಾತು ನನ್ನ ಬಾಯಿಂದ ಬಂದೇಬಿಟ್ಟಿತು. ಎದುರಾಳಿ ತಲೆಯೆತ್ತಿ, "ಸರ್, ನೀವು ಯಾರ ಪರ ಆಡುತ್ತಿದ್ದೀರಿ?" ಎಂದರು. ನನ್ನಲ್ಲಿ ಉತ್ತರವಿರಲಿಲ್ಲ. ಹೆಡ್ ಜಡ್ಜ್ ಆಮೇಲೆ ನನ್ನನ್ನು ಪಕ್ಕಕ್ಕೆ ಕರೆದು, ಬೈಯದೆಯೇ, ಆದರೆ ಮರೆಯಲಾಗದ ಹಾಗೆ, ಆ ನಿಯಮವನ್ನು ಇನ್ನೊಮ್ಮೆ ಓದಿಸಿದರು.

ನಿಯಮದ ತಿರುಳು ಇಷ್ಟು. ತನ್ನ ಹಿಡಿತದಲ್ಲಿರುವ ಟ್ರಿಗರ್‌ಗಳನ್ನು, ಅಂದರೆ ನಿಗದಿತ ಘಟನೆ ನಡೆದಾಗ ತಾವಾಗಿ ಜಾರಿಗೆ ಬರುವ ಕಾರ್ಡ್‌ನ ಪರಿಣಾಮಗಳನ್ನು, ನೆನಪಿಟ್ಟುಕೊಳ್ಳುವುದು ಆಯಾ ಆಟಗಾರನ ಹೊಣೆಯೇ ಹೊರತು ಎದುರಾಳಿಯದಲ್ಲ, ಜಡ್ಜ್‌ನದಂತೂ ಅಲ್ಲವೇ ಅಲ್ಲ. ಮೊದಲು ಹೀಗಿರಲಿಲ್ಲ, ಕಡ್ಡಾಯವಾದ ಟ್ರಿಗರ್ ತಪ್ಪಿಹೋಗುತ್ತಿದ್ದರೆ ಎದುರಾಳಿಯೂ ಅದನ್ನು ಎತ್ತಿ ಹೇಳಬೇಕಾಗಿತ್ತು, ತನ್ನನ್ನು ಸೋಲಿಸಲಿರುವ ಟ್ರಿಗರನ್ನು ತಾನೇ ನೆನಪಿಸಿಕೊಡಬೇಕಾದ ವಿಚಿತ್ರ ಸ್ಥಿತಿ ಅದಾಗಿತ್ತು. 2012ರಲ್ಲಿ ಆದ ಬದಲಾವಣೆಗಳ ನಂತರ ಆ ಹೊರೆ ಇಳಿಯಿತು. ಇಂದು ಎದುರಾಳಿ ಕಂಡೂ ಸುಮ್ಮನಿದ್ದರೆ ಅದು ತಪ್ಪಲ್ಲ, ಆಟದ ಸ್ಥಿತಿಯನ್ನು ಕಾಪಾಡಲಿಲ್ಲ ಎಂದು ಆತನಿಗೆ ವಾರ್ನಿಂಗ್ ಕೊಡುವಂತೆಯೂ ಇಲ್ಲ. ಜಡ್ಜ್ ತಾನಾಗಿ ಮಧ್ಯೆ ಪ್ರವೇಶಿಸಬಹುದಾದದ್ದು ಎರಡೇ ಸಂದರ್ಭಗಳಲ್ಲಿ: ಮರೆತ ಟ್ರಿಗರ್ ವಾರ್ನಿಂಗ್‌ಗೆ ಅರ್ಹವಾದ ಬಗೆಯದಾಗಿದ್ದರೆ, ಇಲ್ಲವೇ ಮರೆವು ನಾಟಕ ಎಂಬ ಅನುಮಾನ ಬಂದರೆ. ಫೈರೆಕ್ಸಿಯನ್ ಅರೀನಾ ಮೊದಲನೆಯದಾಗಿರಲಿಲ್ಲ, ಎರಡನೆಯದಕ್ಕೆ ಕಾರಣವೂ ಇರಲಿಲ್ಲ.

ಆಮೇಲಿನ ವರ್ಷಗಳಲ್ಲಿ ನಾನು ಕಲಿತದ್ದರ ಬಹುಪಾಲು, "ಟ್ರಿಗರ್ ಮರೆತರೇ?" ಎಂಬ ಪ್ರಶ್ನೆಯನ್ನು "ಟ್ರಿಗರ್ ನೆನಪಿದೆ ಎಂದು ಎಷ್ಟು ಹೊತ್ತಿಗೆ ತೋರಿಸಬೇಕಾಗಿತ್ತು?" ಎಂದು ಬದಲಾಯಿಸಿಕೊಳ್ಳುವುದು. ಟ್ರಿಗರ್ ಆದ ಕೂಡಲೇ ಬಾಯಿಬಿಟ್ಟು ಹೇಳಲೇಬೇಕು ಎಂದು ಹಲವು ಆಟಗಾರರು ತಿಳಿದಿರುತ್ತಾರೆ, ಆದರೆ ಗಡುವು ಟ್ರಿಗರ್‌ನ ಜಾತಿಯನ್ನು ಅವಲಂಬಿಸಿದೆ. ಟಾರ್ಗೆಟ್ ಆರಿಸಬೇಕಾದ ಟ್ರಿಗರ್ ಆಗಿದ್ದರೆ ಗಡುವು ಬಿಗಿ: ಸ್ನ್ಯಾಪ್‌ಕ್ಯಾಸ್ಟರ್ ಮೇಜ್ ಮೇಜಿಗೆ ಬಂದಾಗ ಗ್ರೇವ್‌ಯಾರ್ಡ್‌ನ (ಬಳಸಿ ಮುಗಿದ ಕಾರ್ಡ್‌ಗಳ ರಾಶಿ) ಯಾವ ಕಾರ್ಡ್ ಎಂದು ಹೇಳದೆ ಪ್ರಯಾರಿಟಿ (ಮುಂದಿನ ನಡೆಯ ಅವಕಾಶ) ಬಿಟ್ಟುಕೊಟ್ಟರೆ ಅಲ್ಲಿಗೆ ಮುಗಿಯಿತು. ಲೈಫ್ ಏರುವಂಥ, ಕಣ್ಣಿಗೆ ಕಾಣುವ ಬದಲಾವಣೆಯ ಟ್ರಿಗರ್ ಆಗಿದ್ದರೆ ಸ್ವಲ್ಪ ಸಡಿಲ. ಬೇರೆ ಕ್ರೀಚರ್ ಬಂದಾಗಲೆಲ್ಲ ಒಂದು ಲೈಫ್ ಕೊಡುವ ಸೋಲ್ ವಾರ್ಡನ್ ಇರುವಾಗ ಇನ್ನೊಂದು ಕ್ರೀಚರ್ ಬಂತು, ಆಟಗಾರ ಲೈಫ್ ಬರೆದುಕೊಳ್ಳದೆ ಸಾರ್ಸರಿಯೊಂದನ್ನು ಆಡಿದರೆ ಟ್ರಿಗರ್ ತಪ್ಪಿಹೋದಂತೆ, ಏಕೆಂದರೆ ಸ್ಟ್ಯಾಕ್ (ಜಾರಿಯಾಗಲು ಕಾದಿರುವ ಪರಿಣಾಮಗಳ ಸಾಲು) ಖಾಲಿಯಾಗದೆ ಸಾರ್ಸರಿ ಬಗೆಯ ಕಾರ್ಡ್ ಆಡಲು ಬರುವುದಿಲ್ಲ. ಅದೇ ಜಾಗದಲ್ಲಿ ಆತ ಇನ್‌ಸ್ಟಂಟ್ (ಸ್ಟ್ಯಾಕ್ ಖಾಲಿಯಿಲ್ಲದಾಗಲೂ ಆಡಬಹುದಾದ ಕಾರ್ಡ್) ಆಡಿದ್ದರೆ ಏನನ್ನೂ ತೀರ್ಮಾನಿಸುವಂತಿಲ್ಲ. ಟ್ರಿಗರ್ ಇನ್ನೂ ಸ್ಟ್ಯಾಕ್‌ನ ಮೇಲೆಯೇ ಇದ್ದಿರಬಹುದು. ಈ ಒಂದು ವ್ಯತ್ಯಾಸವನ್ನು ಹೊಸ ಜಡ್ಜ್‌ಗಳಿಗೆ ವಿವರಿಸುವಾಗ ನಾನು ಯಾವಾಗಲೂ ಕಾರ್ಡ್‌ಗಳನ್ನು ಮೇಜಿನ ಮೇಲೆ ಹರಡಿಯೇ ತೋರಿಸುತ್ತೇನೆ, ಬರೀ ಮಾತಿನಲ್ಲಿ ಅದು ತಲೆಗೆ ಹತ್ತುವುದಿಲ್ಲ.

ಕಣ್ಣಿಗೆ ಕಾಣದ ಟ್ರಿಗರ್‌ಗಳೇ ಅತಿ ಹೆಚ್ಚು ಜಗಳ ತರುವಂಥವು. ಒಮ್ಮೆ ನನ್ನನ್ನು ಕರೆದ ಮೇಜಿನಲ್ಲಿ ಮೊನಾಸ್ಟರಿ ಸ್ವಿಫ್ಟ್‌ಸ್ಪಿಯರ್ ದಾಳಿ ಮಾಡಿತ್ತು, ಯಾರೂ ಬ್ಲಾಕ್ ಮಾಡಿರಲಿಲ್ಲ. ದಾಳಿ ಮಾಡಿದವರು ಎದುರಾಳಿಯ ಮೇಲೆ ಮೂರು ಡ್ಯಾಮೇಜ್‌ನ ಲೈಟ್ನಿಂಗ್ ಬೋಲ್ಟ್ ಹಾಕಿದರು. ಎದುರಾಳಿ ಪೆನ್ ಹಿಡಿದು "ಮೂರು, ಮತ್ತೆ ಒಂದು" ಎಂದರು; ಇವರು "ಮತ್ತೆ ಎರಡು" ಎಂದರು. ಬೋಲ್ಟ್ ಹಾಕಿದಾಗ ಪ್ರೊವೆಸ್ (ಒಡೆಯ ಕ್ರೀಚರ್ ಅಲ್ಲದ ಸ್ಪೆಲ್ ಆಡಿದಾಗ ಸ್ವಿಫ್ಟ್‌ಸ್ಪಿಯರ್‌ನ ಬಲವನ್ನು ಆ ಟರ್ನ್‌ಗೆ ಒಂದು ಏರಿಸುವ ಟ್ರಿಗರ್) ಎಂಬ ಶಬ್ದವೇ ಬಂದಿರಲಿಲ್ಲ, ಈಗ ಹೇಗೆ ಎರಡಾಗುತ್ತದೆ ಎಂಬುದು ಎದುರಾಳಿಯ ತಕರಾರು. ತೀರ್ಪು ಸರಳವಾಗಿತ್ತು: ಕಾಣದ ಬದಲಾವಣೆಯನ್ನು, ಅದು ಮೊದಲ ಬಾರಿಗೆ ಕಾಣುವ ಪರಿಣಾಮ ಬೀರುವಾಗ ತಿಳಿಸಿದರೆ ಸಾಕು; ಇಲ್ಲಿ ಆ ಕ್ಷಣ ಡ್ಯಾಮೇಜ್‌ನದು, ಆ ಕ್ಷಣದಲ್ಲಿ ಅವರು ಹೇಳಿದ್ದಾರೆ. ಬೋಲ್ಟ್ ಆದ ಮೇಲೆ ಎದುರಾಳಿ "ಇದು ಈಗ ಎಷ್ಟು?" ಎಂದು ಕೇಳಿ, ಇವರು "ಒಂದು–ಎರಡು" (ಏರದ ಮೂಲ ಬಲ ಮತ್ತು ತಾಳಿಕೆ) ಎಂದು ಉತ್ತರಿಸಿದ್ದರೆ ನನ್ನ ತೀರ್ಪು ತಿರುಗಿಬಿಡುತ್ತಿತ್ತು. ಹಾಗಾಗಿಯೇ ಇಂಥ ಕರೆಗಳಲ್ಲಿ ನಾನು ನಿಯಮಕ್ಕಿಂತ ಮೊದಲು ಕೇಳುವುದು ಇಬ್ಬರ ನಡುವೆ ನಡೆದ ಮಾತುಗಳನ್ನು, ಸಾಧ್ಯವಾದಷ್ಟು ಅವರವರ ಶಬ್ದಗಳಲ್ಲೇ.

ಮಾತಿನ ಮೇಲೆ ನಿಂತ ಇನ್ನೊಂದು ಗೋಜಲು ಕಾಂಬ್ಯಾಟ್‌ನ (ಟರ್ನ್‌ನ ದಾಳಿಯ ಹಂತ) ಆರಂಭದ ಟ್ರಿಗರ್‌ಗಳದು. ಹಿಂದೆ "ಕಾಂಬ್ಯಾಟ್?" ಎಂದು ಕೇಳಿದ ಆಟಗಾರ ನೇರವಾಗಿ ದಾಳಿ ಘೋಷಿಸುವ ಹಂತಕ್ಕೆ ಹೋದಂತೆ ಲೆಕ್ಕ ಹಾಕುತ್ತಿದ್ದರು, ನಡುವೆ ಬರುವ ಟ್ರಿಗರ್ ಬಾಯಿತಪ್ಪಿಗೆ ಬಲಿಯಾಗುತ್ತಿತ್ತು. 2017ರಲ್ಲಿ ಆ ಶಾರ್ಟ್‌ಕಟ್‌ನ ನಿಯಮವನ್ನು ತಿದ್ದಿದ ಮೇಲೆ ಆ ಬಗೆಯ ಕರೆಗಳು ನನಗೆ ಗಣನೀಯವಾಗಿ ಕಡಿಮೆಯಾದವು.

ಗಡುವು ಮೀರಿದೆ ಎಂದಾದರೆ ಮುಂದಿನ ಹೆಜ್ಜೆ ಎದುರಾಳಿಯತ್ತ ತಿರುಗಿ, "ಈ ಟ್ರಿಗರನ್ನು ಈಗ ಸ್ಟ್ಯಾಕ್‌ಗೆ ಹಾಕಬೇಕೆ, ಬೇಡವೆ?" ಎಂದು ಕೇಳುವುದು. ಈ ಪ್ರಶ್ನೆಯನ್ನು ನಾನು ಪ್ರತಿ ಬಾರಿಯೂ ಒಂದೇ ಧ್ವನಿಯಲ್ಲಿ, ಒಂದೇ ಶಬ್ದಗಳಲ್ಲಿ ಕೇಳುತ್ತೇನೆ. ಹುಬ್ಬು ಏರಿಸಿದರೂ ಸಲಹೆ ಕೊಟ್ಟಂತಾಗುತ್ತದೆ. ಮರೆತ ಹೊತ್ತಿನಿಂದ ಹೆಚ್ಚುಕಡಿಮೆ ಒಂದು ಪೂರ್ತಿ ಟರ್ನ್ ಕಳೆದುಹೋಗಿದ್ದರೆ ಈ ಪ್ರಶ್ನೆಯೂ ಏಳುವುದಿಲ್ಲ, ಆಟ ಮುಂದುವರಿಯುತ್ತದೆ. ಹಿಂದಕ್ಕೆ ಹೋಗಿ ಆಟವನ್ನು ಮರಳಿ ಕಟ್ಟುವುದಂತೂ ಮರೆತ ಟ್ರಿಗರ್‌ಗಳ ವಿಷಯದಲ್ಲಿ ಇಲ್ಲ. ತಾತ್ಕಾಲಿಕವಾಗಿ ಜಾಗ ಬದಲಿಸಿದ ಕಾರ್ಡನ್ನು ವಾಪಸು ಕಳಿಸುವಂಥ ಟ್ರಿಗರ್‌ಗಳಿಗೆ ಬೇರೆ ಪರಿಹಾರಗಳಿವೆ, ಅವು ಅಪರೂಪಕ್ಕೆ ಎದುರಾಗುತ್ತವೆ.

ಚಾಲಿಸ್ ಆಫ್ ದ ವಾಯ್ಡ್ ಇರುವ ಮೇಜುಗಳಲ್ಲಿ ಈ ನೀತಿ ಎಷ್ಟು ಒರಟಾಗಿ ಕಾಣುತ್ತದೆಂದರೆ, ಕೆಲವರಿಗೆ ಅದು ಮೋಸವೆಂದೇ ತೋರುತ್ತದೆ. ಚಾಲಿಸ್ ಮೇಲೆ ಒಂದು ಕೌಂಟರ್ (ಎಣಿಕೆಯ ಗುರುತು) ಇದೆ, ಮಾನಾ ಮೌಲ್ಯ (ಆಡಲು ತಗಲುವ ವೆಚ್ಚ) ಒಂದಿರುವ ಸ್ಪೆಲ್ ಆಡಿದರೆ ಅದನ್ನು ರದ್ದುಗೊಳಿಸುವ ಟ್ರಿಗರ್ ಆಗುತ್ತದೆ ಎಂದು ಗೊತ್ತಿದ್ದೇ ಎದುರಾಳಿ ಅಂಥ ಸ್ಪೆಲ್ ಆಡಿ, ಚಾಲಿಸ್‌ನ ಒಡೆಯ ಮರೆಯಲಿ ಎಂದು ಕಾಯಬಹುದು. ಒಡೆಯ "ಆಯಿತು" ಎಂದು ತಲೆಯಾಡಿಸಿ ಸ್ಪೆಲ್ ನಡೆದುಹೋದರೆ ನಡೆದುಹೋಯಿತು. ಕೋಪದಿಂದ ನನ್ನ ಹತ್ತಿರ ಬಂದವರಿಗೆ ನಾನು ಹೇಳುವುದು ಒಂದೇ: ಆತ ಸುಳ್ಳು ಹೇಳಿಲ್ಲ, ನಿಯಮ ಮೀರಿಲ್ಲ, ನಿಮ್ಮ ಗಮನವನ್ನು ಪರೀಕ್ಷಿಸಿದ್ದಾನೆ ಅಷ್ಟೆ. ನನಗೆ ವೈಯಕ್ತಿಕವಾಗಿ ಆ ಆಟ ರುಚಿಸುವುದಿಲ್ಲ, ಆದರೆ ಜಡ್ಜ್‌ನ ರುಚಿ ತೀರ್ಪಿನೊಳಗೆ ಬರಬಾರದು. ಅಂದಹಾಗೆ, ಯು-ಗಿ-ಓ ಎಂಬ ಇನ್ನೊಂದು ಕಾರ್ಡ್ ಆಟ ಆಡಿ ಬಂದವರು ಇದನ್ನು ತಮ್ಮ ಆಟದ "ಟೈಮಿಂಗ್ ಮಿಸ್" ಜೊತೆ ಬೆರೆಸಿಬಿಡುತ್ತಾರೆ. ಅಲ್ಲಿ ಅದು ಆಟದ ನಿಯಮವೇ, ಮರೆವಿಗೂ ಅದಕ್ಕೂ ಸಂಬಂಧವಿಲ್ಲ.

ದಂಡದ ವಿಷಯದಲ್ಲಿ ಕಠಿಣವಾದದ್ದು "ಸಾಮಾನ್ಯವಾಗಿ ಹಾನಿಕರ" ಎಂಬ ಮಾತು. ಒಡೆಯನಿಗೆ ಸಾಮಾನ್ಯವಾಗಿ ಹಾನಿಕರವಾದ ಟ್ರಿಗರ್ ಮರೆತರೆ ಮಾತ್ರ ವಾರ್ನಿಂಗ್. ಉಳಿದವಕ್ಕೆ ಏನೂ ಇಲ್ಲ, ಲಾಭ ತಪ್ಪಿದ್ದೇ ಶಿಕ್ಷೆ. ಈಡೋಲನ್ ಆಫ್ ದ ಗ್ರೇಟ್ ರೆವೆಲ್, ಮಾನಾ ಮೌಲ್ಯ ಮೂರು ಅಥವಾ ಅದಕ್ಕಿಂತ ಕಡಿಮೆಯ ಸ್ಪೆಲ್ ಯಾರೇ ಆಡಿದರೂ ಆಡಿದವರಿಗೆ ಎರಡು ಡ್ಯಾಮೇಜ್ ಮಾಡುತ್ತದೆ. ಎದುರಾಳಿ ಆಡಿದಾಗ ಅದರ ಒಡೆಯ ಮರೆತರೆ ಸುಮ್ಮನಿರುತ್ತೇನೆ, ತಾನೇ ಆಡಿ ಮರೆತರೆ ಮುಂದೆ ಬಂದು ವಾರ್ನಿಂಗ್ ಕೊಡುತ್ತೇನೆ. ಈ ನಿರ್ಧಾರದಲ್ಲಿ ಆ ಹೊತ್ತಿನ ಆಟದ ಸ್ಥಿತಿಯನ್ನು ಲೆಕ್ಕಕ್ಕೆ ತೆಗೆದುಕೊಳ್ಳುವಂತಿಲ್ಲ.

ರೆಗ್ಯುಲರ್ ಎಂಬ ಸಡಿಲ ಮಟ್ಟದ ಆಟಗಳಲ್ಲಿ ಇಷ್ಟೆಲ್ಲ ಇಲ್ಲ. ಐಚ್ಛಿಕ ಟ್ರಿಗರ್ ಆಗಿದ್ದರೆ ಬೇಡವೆಂದರು ಎಂದುಕೊಳ್ಳುತ್ತೇನೆ, ಇಲ್ಲವಾದರೆ ಆಟಕ್ಕೆ ದೊಡ್ಡ ಅಡ್ಡಿಯಾಗದಿದ್ದಲ್ಲಿ ಈಗಲೇ ಸ್ಟ್ಯಾಕ್‌ಗೆ ಹಾಕಿಸುತ್ತೇನೆ.

ಅನುಮಾನದಿಂದ ನಾನೇ ಆಟ ನಿಲ್ಲಿಸಿದ ಒಂದು ಸಂದರ್ಭ ನೆನಪಿನಲ್ಲಿ ಉಳಿದಿದೆ. ಡಾರ್ಕ್ ಕಾನ್ಫಿಡಾಂಟ್ ಎಂಬ ಕಾರ್ಡ್ ಪ್ರತಿ ಅಪ್‌ಕೀಪ್‌ನಲ್ಲಿ ಡೆಕ್‌ನ ಮೇಲಿನ ಕಾರ್ಡ್ ತೋರಿಸಿ ಕೈಗೆ ಕೊಡುತ್ತದೆ, ಆ ಕಾರ್ಡ್‌ನ ಮಾನಾ ಮೌಲ್ಯದಷ್ಟು ಲೈಫ್ ಕಳೆಯುತ್ತದೆ. ಅದರ ಒಡೆಯ ಮರೆಯದಿರಲೆಂದು ಡೆಕ್‌ನ ಮೇಲೆ ಒಂದು ಡೈಸ್ ಇಟ್ಟುಕೊಂಡಿದ್ದರು. ಅವರ ಲೈಫ್ ಎರಡಕ್ಕೆ ಇಳಿದಿದ್ದ ಟರ್ನ್‌ನಲ್ಲಿ ಆ ಡೈಸನ್ನು ಎತ್ತಿ ಪಕ್ಕಕ್ಕಿಟ್ಟು, ಏನೂ ತೋರಿಸದೆ, ನೇರವಾಗಿ ಟರ್ನ್‌ನ ಕಾರ್ಡ್ ಎಳೆದರು. ಬೇಕೆಂದೇ ಟ್ರಿಗರ್ ಬಿಟ್ಟರೆ ಅದು ಚೀಟಿಂಗ್, ಡಿಸ್‌ಕ್ವಾಲಿಫಿಕೇಶನ್‌ವರೆಗೆ ಹೋಗುವ ವಿಷಯ. ಅವರನ್ನು ಮೇಜಿನಿಂದ ದೂರ ಕರೆದೊಯ್ದು, ಆರೋಪದ ಮಾತಿಲ್ಲದೆ, "ಈ ಟರ್ನ್ ಆರಂಭದಿಂದ ಏನೇನು ಮಾಡಿದಿರಿ, ಒಂದೊಂದಾಗಿ ಹೇಳಿ" ಎಂದೆ. ಅನ್‌ಟ್ಯಾಪ್, ಡ್ರಾ ಎಂದವರು ಅಲ್ಲಿಗೇ ನಿಂತು, ಕೈಯಿಂದ ಹಣೆ ಬಡಿದುಕೊಂಡರು. ಎದುರಾಳಿಯನ್ನು ಬೇರೆಯಾಗಿ ಕೇಳಿದಾಗ, ಹಿಂದಿನ ಟರ್ನ್‌ನಲ್ಲಿ ಲೈಫ್ ಮೂರಿದ್ದಾಗಲೂ ಅವರು ತಪ್ಪದೆ ಕಾರ್ಡ್ ತೋರಿಸಿದ್ದರೆಂದು ಗೊತ್ತಾಯಿತು. ಹೆಡ್ ಜಡ್ಜ್ ಜೊತೆ ಕೂತು ಮಾತಾಡಿದೆವು. ಉದ್ದೇಶಪೂರ್ವಕ ಎನ್ನಲು ಕಾರಣವಿಲ್ಲ ಎಂದಾಯಿತು. ಕಾನ್ಫಿಡಾಂಟ್ ಸಾಮಾನ್ಯವಾಗಿ ಲಾಭದ ಕಾರ್ಡ್, ಹಾಗಾಗಿ ಲೈಫ್ ಎರಡೇ ಇದ್ದರೂ ವಾರ್ನಿಂಗ್ ಇಲ್ಲ.

ಮೇಜಿಗೆ ಮರಳಿ ಎದುರಾಳಿಗೆ ನನ್ನ ಮಾಮೂಲಿ ಪ್ರಶ್ನೆ ಕೇಳಿದೆ. ಅವರು ಒಂದು ಕ್ಷಣವೂ ಯೋಚಿಸದೆ "ಹಾಕಿ" ಎಂದರು. ಡೆಕ್‌ನ ಮೇಲಿನ ಕಾರ್ಡ್ ತಿರುಗಿಸಿದಾಗ ಅದು ಲ್ಯಾಂಡ್, ಮೌಲ್ಯ ಸೊನ್ನೆ. ಪುಕ್ಕಟೆ ಕಾರ್ಡ್ ಒಂದು ಕೈ ಸೇರಿತು, ಲೈಫ್ ಎರಡರಲ್ಲೇ ಉಳಿಯಿತು. ನಾನು ತೆಗೆದುಕೊಂಡಿದ್ದ ಏಳು ನಿಮಿಷವನ್ನು ಅವರ ಸ್ಲಿಪ್ ಮೇಲೆ ಹೆಚ್ಚುವರಿ ಸಮಯವಾಗಿ ಬರೆದುಕೊಟ್ಟು, ಕೈಯೆತ್ತಿದ್ದ ಇನ್ನೊಂದು ಮೇಜಿನತ್ತ ಹೋದೆ.