ಬಜಪೆಯಿಂದ ದುಬೈಗೆ: ದೂರವನ್ನೂ ಹೊತ್ತನ್ನೂ ನಾನೇ ಲೆಕ್ಕ ಹಾಕಿದ್ದು

ದುಬೈಯಲ್ಲಿರುವ ತಮ್ಮನ ಮನೆಗೆ ಜನವರಿಯಲ್ಲಿ ಮೊದಲ ಬಾರಿ ಹೊರಟಿದ್ದ ಅಮ್ಮನ ಟಿಕೆಟ್ಟಿನಲ್ಲಿ, ಮಂಗಳೂರಿನಿಂದ ಬೆಳಿಗ್ಗೆ 9.30ಕ್ಕೆ ಹೊರಡುವ ವಿಮಾನ 11.40ಕ್ಕೆ ತಲುಪುತ್ತದೆ ಎಂದಿತ್ತು. ಮರಳುವ ವಿಮಾನ ಮಧ್ಯಾಹ್ನ 12.40ಕ್ಕೆ ಹೊರಟು ಸಂಜೆ 5.30ಕ್ಕೆ ಇಳಿಯುತ್ತದೆ ಎಂದಿತ್ತು. "ಹೋಗಲಿಕ್ಕೆ ಎರಡು ಗಂಟೆ, ಬರಲಿಕ್ಕೆ ಐದು ಗಂಟೆಯಾ?" ಎಂದು ಅವರು ಕೇಳಿದರು. ಸಕ್ಕರೆ ಕಾಯಿಲೆಯ ಮಾತ್ರೆ ತೆಗೆದುಕೊಳ್ಳುವ ಅವರು ಊಟಕ್ಕೆ ಮುಂಚೆ ನಿಜವಾಗಿ ಎಷ್ಟು ಹೊತ್ತು ಕೂರಬೇಕಾಗುತ್ತದೆ ಎಂಬುದು ನನಗೆ ಖಚಿತವಾಗಬೇಕಿತ್ತು.

ಮೊದಲು ದೂರ. ಮಂಗಳೂರು ವಿಮಾನ ನಿಲ್ದಾಣ, ಎಂದರೆ ನಮ್ಮ ಬಜಪೆ, ಉತ್ತರ ಅಕ್ಷಾಂಶ 12.96, ಪೂರ್ವ ರೇಖಾಂಶ 74.89 ಡಿಗ್ರಿಯಲ್ಲಿದೆ, ದುಬೈ ನಿಲ್ದಾಣ 25.25 ಮತ್ತು 55.36ರಲ್ಲಿದೆ. ಅಕ್ಷಾಂಶದ ಅಂತರ 12.29 ಡಿಗ್ರಿ, ಒಂದು ಡಿಗ್ರಿಗೆ 111.2 ಕಿ.ಮೀ.ನಂತೆ ಅದು ಸುಮಾರು 1,367 ಕಿ.ಮೀ. ರೇಖಾಂಶಗಳು ಧ್ರುವದ ಕಡೆಗೆ ಹೋದಂತೆ ಒಂದಕ್ಕೊಂದು ಹತ್ತಿರವಾಗುವುದರಿಂದ, 19.53 ಡಿಗ್ರಿಯ ಆ ಅಂತರವನ್ನು ನಡುವಿನ ಅಕ್ಷಾಂಶವಾದ 19.1ರ ಕೊಸೈನಿನಿಂದಲೂ ಗುಣಿಸಬೇಕು. ಆಗ ಸುಮಾರು 2,052 ಕಿ.ಮೀ. ಬರುತ್ತದೆ. ಇವೆರಡನ್ನೂ ಲಂಬಕೋನ ತ್ರಿಭುಜದ ಬದಿಗಳೆಂದು ಭಾವಿಸಿ ಕರ್ಣವನ್ನು ಕಂಡುಹಿಡಿದರೆ 2,466 ಕಿ.ಮೀ. ಗೋಳದ ಪೂರ್ಣ ಸೂತ್ರವನ್ನು ಬಳಸಿದಾಗ ಸಿಕ್ಕಿದ್ದು 2,460. ಇಷ್ಟು ಸಮೀಪದ ಉತ್ತರವನ್ನು ಶಾಲೆಯಲ್ಲಿ ಕಲಿತ ಪೈಥಾಗರಸನ ಪ್ರಮೇಯವೇ ಕೊಟ್ಟದ್ದು ನನಗೆ ಬಹಳ ಸಂತೋಷ ತಂದಿತು. ಮನೆಯ ಭೂಗೋಳದ ಮೇಲೆ ದಾರವನ್ನು ಬಿಗಿಯಾಗಿ ಹಿಡಿದೂ ನೋಡಿದೆ. ಅದು ಅರಬ್ಬಿ ಸಮುದ್ರವನ್ನು ದಾಟಿ ಮಸ್ಕತ್ತಿನ ಪಕ್ಕದಲ್ಲೇ ಹಾದುಹೋಯಿತು. ವಿಮಾನಗಳು ನಿಗದಿತ ವಾಯುಮಾರ್ಗಗಳಲ್ಲಿ ಸಾಗುವುದರಿಂದ ನಿಜವಾಗಿ ಹಾರುವ ದೂರ ಇದಕ್ಕಿಂತ ತುಸು ಹೆಚ್ಚೇ ಇರುತ್ತದೆ.

ಗಂಟೆಗೆ 830 ಕಿ.ಮೀ. ವೇಗ ಹಿಡಿದರೆ ಈ ದೂರಕ್ಕೆ ಮೂರು ಗಂಟೆ ಬೇಕು. ರನ್‌ವೇವರೆಗಿನ ಓಟ, ಏರಿಕೆ, ಇಳಿಕೆಗಳಿಗೆ ಅರ್ಧ ಗಂಟೆ ಸೇರಿಸಿದೆ. ಚಳಿಗಾಲದಲ್ಲಿ ಮೇಲ್‌ಸ್ತರದ ಗಾಳಿ ಪಶ್ಚಿಮದಿಂದ ಬೀಸುವುದರಿಂದ, ಅಲ್ಲಿಗೆ ಹೋಗುವಾಗ ಅದು ಎದುರಾಗುತ್ತದೆ, ಬರುವಾಗ ಹಿಂದಿನಿಂದ ತಳ್ಳುತ್ತದೆ. ಗಾಳಿಯ ವೇಗ ಸರಾಸರಿ 80 ಕಿ.ಮೀ. ಎಂದುಕೊಂಡರೂ ಎರಡೂ ಪಯಣಗಳ ನಡುವೆ ಸುಮಾರು 35 ನಿಮಿಷದ ವ್ಯತ್ಯಾಸ ಬೀಳುತ್ತದೆ.

ಇನ್ನು ಗಡಿಯಾರ. ದುಬೈಯ ಸಮಯ ನಮ್ಮದಕ್ಕಿಂತ ಒಂದೂವರೆ ಗಂಟೆ ಹಿಂದೆ. ಟಿಕೆಟ್ಟಿನ 11.40 ಎಂದರೆ ನಮ್ಮ ಮಧ್ಯಾಹ್ನ 1.10, ಹೋಗುವ ಪಯಣ 3 ಗಂಟೆ 40 ನಿಮಿಷ. ಬರುವಾಗಿನ 4 ಗಂಟೆ 50 ನಿಮಿಷದಲ್ಲಿ ಒಂದೂವರೆ ಗಂಟೆ ಕಳೆದರೆ 3 ಗಂಟೆ 20 ನಿಮಿಷ. ನನ್ನ ಲೆಕ್ಕಕ್ಕೆ ಎರಡೂ ಹೊಂದಿದವು.

ದುಬೈ ಮುಟ್ಟುವವರೆಗೆ ಕೈಗಡಿಯಾರ ತಿರುಗಿಸಬೇಡಿ ಎಂದು ಅಮ್ಮನಿಗೆ ಹೇಳಿ, ಚೀಲದಲ್ಲಿ ಚಪಾತಿ ಕಟ್ಟಿಕೊಟ್ಟೆ. ಅವರು ಎಂದಿನಂತೆ ನಮ್ಮ ಹನ್ನೆರಡೂವರೆಗೆ ಮಾತ್ರೆ ನುಂಗಿ, ವಿಮಾನ ಇಳಿಯುವ ಮೊದಲೇ ಊಟ ಮುಗಿಸಿದ್ದರು.