ಪಿಎಚ್‌ಡಿ ಅರ್ಜಿಗೆ ನನಗೆ ಎರಡು ಮಳೆಗಾಲ ಬೇಕಾಯ್ತು

ಪಿಎಚ್‌ಡಿ ಮಾಡಬೇಕು ಅಂತ ಹುಳ ತಲೆಗೆ ಹೊಕ್ಕಾಗ ನನಗೆ 34 ವರ್ಷ. ಸಾಗರದ ಹತ್ತಿರ ಒಂದು ಪದವಿ ಕಾಲೇಜಿನಲ್ಲಿ ಅರ್ಥಶಾಸ್ತ್ರದ ಅತಿಥಿ ಉಪನ್ಯಾಸಕಿ. ಎಂ.ಎ.ಯಲ್ಲಿ 61% ಬಂದಿತ್ತು. ವಿಶ್ವವಿದ್ಯಾಲಯಗಳಿಗೆ ನಿಯಮ ಮಾಡುವ ಯುಜಿಸಿಯ 2022ರ ನಿಯಮದ ಪ್ರಕಾರ 55% ಇದ್ದರೆ ಸಾಕು, ಮೀಸಲಾತಿ ಇರುವವರಿಗೆ 5% ರಿಯಾಯಿತಿಯೂ ಇದೆ. ಇನ್ನೇನು, ಫಾರಂ ತುಂಬಿ ಪರೀಕ್ಷೆ ಬರೆದರೆ ಆಯ್ತು ಅಂದುಕೊಂಡೆ.

ಮೊದಲ ವರ್ಷ ಹೋದದ್ದು ಗೈಡ್, ಅಂದರೆ ಸಂಶೋಧನೆಗೆ ದಾರಿ ತೋರಿಸುವ ಪ್ರಾಧ್ಯಾಪಕರನ್ನು ಹುಡುಕುವುದರಲ್ಲಿ. ಪರಿಚಯದ ಪ್ರಾಧ್ಯಾಪಕರೊಬ್ಬರು "ಬರೆದುಕೊಂಡು ಬಾಮ್ಮಾ, ನೋಡೋಣ" ಅಂದರು. ಏನು ಸಂಶೋಧನೆ ಮಾಡುತ್ತೇನೆ ಅಂತ ಹೇಳುವ ಸಾರಲೇಖವನ್ನು ಐದು ತಿಂಗಳು ಬರೆದೆ, ತಿದ್ದಿದೆ, ರಜೆ ಹಾಕಿ ಬಸ್ಸಿನಲ್ಲಿ ಓಡಾಡಿದೆ. ಕೊನೆಗೆ ಗೊತ್ತಾಯ್ತು, ಅವರ ನಿವೃತ್ತಿಗೆ ಎರಡೇ ವರ್ಷ ಬಾಕಿ. ಮೂರು ವರ್ಷಕ್ಕಿಂತ ಕಡಿಮೆ ಸೇವೆ ಉಳಿದವರು ಹೊಸಬರನ್ನು ತೆಗೆದುಕೊಳ್ಳುವ ಹಾಗಿಲ್ಲ. ಅವರು ಹೇಳಲಿಲ್ಲ, ನಾನೂ ಕೇಳಲಿಲ್ಲ. ಸಿಟ್ಟು ಬಂತು, ಜಾಸ್ತಿ ನನ್ನ ಮೇಲೆಯೇ.

ಆಮೇಲೆ ಯಾರ ಬಳಿ ಹೋದರೂ ನನ್ನ ಮೊದಲ ಮಾತು ಒಂದೇ: "ಸರ್, ನಿಮ್ಮಲ್ಲಿ ಸೀಟು ಖಾಲಿ ಇದೆಯಾ?" ಒಬ್ಬ ಪ್ರೊಫೆಸರ್ ಒಂದು ಹೊತ್ತಿಗೆ 8 ಜನರನ್ನು, ಅಸೋಸಿಯೇಟ್ ಪ್ರೊಫೆಸರ್ 6 ಜನರನ್ನು, ಅಸಿಸ್ಟೆಂಟ್ ಪ್ರೊಫೆಸರ್ 4 ಜನರನ್ನು ಮಾತ್ರ ಇಟ್ಟುಕೊಳ್ಳಬಹುದು. ಕೇಳಿದರೆ ಯಾರೂ ಬೇಜಾರು ಮಾಡಿಕೊಳ್ಳಲಿಲ್ಲ. ಒಬ್ಬರಂತೂ "ಒಳ್ಳೇದಾಯ್ತು ಕೇಳಿದ್ದು, ನನ್ನಲ್ಲಿ ಇಲ್ಲ" ಅಂತ ಹೇಳಿ ಕಾಫಿ ಕುಡಿಸಿ ಕಳಿಸಿದರು.

ನಿಜವಾದ ಪೇಚಾಟ ವಿಷಯದ್ದು. ನನ್ನ ಮೊದಲ ಸಾರಲೇಖದ ಹೆಸರು 'ಮಲೆನಾಡಿನ ಅಡಿಕೆ ಆರ್ಥಿಕತೆ: ಒಂದು ಅಧ್ಯಯನ'. ಬೆಲೆ, ಕೊಳೆರೋಗ, ಎಲೆಚುಕ್ಕೆ ರೋಗ, ಫಸಲನ್ನು ಗುತ್ತಿಗೆಗೆ ಕೊಡುವ ಚೇಣಿ, ಮಂಡಿ, 1939ರಲ್ಲಿ ಶುರುವಾದ ಅಡಿಕೆ ಮಾರಾಟ ಸಹಕಾರ ಸಂಘ ಮಾಮ್ಕೋಸ್, ಎಲ್ಲವನ್ನೂ ಅದರಲ್ಲಿ ತುರುಕಿದ್ದೆ. ಈಗಿನ ಗೈಡ್ ಮೇಡಂ ಎರಡು ಪುಟ ಓದಿ ಕನ್ನಡಕ ತೆಗೆದಿಟ್ಟರು. "ಇದು ಪಿಎಚ್‌ಡಿ ಅಲ್ಲಮ್ಮಾ, ವಿಶ್ವಕೋಶ. ನಿನಗೆ ಏನು ಗೊತ್ತಾಗಬೇಕು ಅಂತ ಒಂದೇ ವಾಕ್ಯದಲ್ಲಿ ಬರಿ."

ಆ ಒಂದು ವಾಕ್ಯಕ್ಕೆ ಎರಡು ತಿಂಗಳು ಹಿಡಿಯಿತು. ಸಿಕ್ಕಿದ್ದು ಮನೆಯಲ್ಲೇ. ನಮ್ಮಮ್ಮ ಚಳಿಗಾಲದ ರಾತ್ರಿಗಳಲ್ಲಿ ದೊಡ್ಡ ಮನೆಗಳ ಅಂಗಳದಲ್ಲಿ ಅಡಿಕೆ ಸುಲಿಯುವ ಮೆಟ್ಟುಗತ್ತಿ ಮುಂದೆ ಕೂತು ಅಡಿಕೆ ಸುಲಿದವಳು. ಸುಲಿದಷ್ಟಕ್ಕೆ ಕೂಲಿ. ನಾನು ಪುಸ್ತಕ ಹರಡಿಕೊಂಡು ಕೂತಿದ್ದಾಗ ಅಮ್ಮ ಸುಮ್ನೆ ಕೇಳಿದಳು, "ಸುಲಿಯೋ ಮಿಷನ್ ಬಂದ್ಮೇಲೆ ನಮ್ಮ ಜೊತೆ ಕೂರ್ತಿದ್ದೋರೆಲ್ಲ ಎಲ್ಲಿ ಹೋದ್ರೋ ಏನೋ?" ಅಷ್ಟೇ. ಮಿಷನ್ ಬಂದ ಮನೆಗಳಲ್ಲಿ ಮೊದಲು ಸುಲಿಯುತ್ತಿದ್ದ ಹೆಂಗಸರು ಈಗ ಯಾವ ಕೆಲಸಕ್ಕೆ ಹೋಗುತ್ತಾರೆ, ಎಷ್ಟು ದುಡಿಯುತ್ತಾರೆ? ಇದೇ ನನ್ನ ವಾಕ್ಯ. ಮೇಡಂ ಓದಿ, "ಹ್ಞಾಂ, ಇದನ್ನ ಹುಡುಕಬಹುದು" ಅಂದರು.

ಇದೇ ಕೆಲಸ ಬೇರೆ ಯಾರಾದರೂ ಮಾಡಿದ್ದಾರಾ ಅಂತ ಶೋಧಗಂಗಾ ಅನ್ನುವ ಜಾಲತಾಣದಲ್ಲಿ ನೋಡಿದೆ. ದೇಶದ ವಿಶ್ವವಿದ್ಯಾಲಯಗಳ ಪಿಎಚ್‌ಡಿ ಪ್ರಬಂಧಗಳು ಅಲ್ಲಿ ಪುಕ್ಕಟೆ ಸಿಗುತ್ತವೆ. ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲೂ ನಾಲ್ಕು ದಿನ ಕೂತೆ. ಶಿವಮೊಗ್ಗದಿಂದ ಸುಮಾರು 28 ಕಿ.ಮೀ. ಅಡಿಕೆ ಬಗ್ಗೆ ಕಂಡದ್ದರಲ್ಲಿ ಹೆಚ್ಚಿನದು ಬೆಲೆಯದ್ದು, ಬೆಳೆಗಾರರದ್ದು. ಸುಲಿಯುವವರ ಬಗ್ಗೆ ಅಲ್ಲೊಂದು ಇಲ್ಲೊಂದು ಪ್ಯಾರಾ. ಸ್ವಲ್ಪ ಧೈರ್ಯ ಬಂತು.

ಕಾಗದಪತ್ರದ ಕಥೆ ಚಿಕ್ಕದಾಗಿ ಹೇಳಿಬಿಡುತ್ತೇನೆ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ನನ್ನ ಇನಿಷಿಯಲ್ ಹಿಂದೆ, ಎಂ.ಎ.ಯದ್ದರಲ್ಲಿ ಮುಂದೆ. ಅದಕ್ಕೆ ನೋಟರಿ ಅಫಿಡವಿಟ್. ಜಾತಿ ಪ್ರಮಾಣಪತ್ರ ನಾಡಕಚೇರಿಯಿಂದ. ಕೆಲಸ ಬಿಡದೆ ಅರೆಕಾಲಿಕವಾಗಿ ಮಾಡುವುದಾದರೆ ನಿರಾಕ್ಷೇಪಣಾ ಪತ್ರ ಬೇಕು. ಪ್ರಿನ್ಸಿಪಾಲರು ಅರ್ಧ ಗಂಟೆಯಲ್ಲಿ ಕೊಟ್ಟರು. ಅಪ್‌ಲೋಡ್ ಮಾಡುವ ವಾರ ಆಷಾಢದ ಮಳೆ. ಮೂರು ದಿನ ಕರೆಂಟಿಲ್ಲ, ಮೊಬೈಲ್ ಟವರ್ ಸತ್ತಿತ್ತು. ಕೊನೇ ದಿನಕ್ಕಿಂತ ಒಂದು ದಿನ ಮೊದಲು ಕಡತವನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ, ಸಾಗರ ಪೇಟೆಯ ಸೈಬರ್ ಸೆಂಟರಿಗೆ ಓಡಿದೆ. ಫೋಟೋ ಸೈಜ್ ಜಾಸ್ತಿ ಆಯ್ತು ಅಂತ ನಾಲ್ಕು ಸಲ ತಿರಸ್ಕಾರ. ಅಲ್ಲಿನ ಹುಡುಗ ಕಿಸಕ್ಕನೆ ನಕ್ಕು ಎರಡು ನಿಮಿಷದಲ್ಲಿ ಸರಿ ಮಾಡಿಕೊಟ್ಟ.

ಪ್ರವೇಶ ಪರೀಕ್ಷೆಯಲ್ಲಿ ಅರ್ಧ ಸಂಶೋಧನಾ ವಿಧಾನ, ಅರ್ಧ ವಿಷಯ. ಮೂವತ್ತು ದಾಟಿದವರಿಗೆ ಕಷ್ಟವಾಗುವುದು ಆ ಮೊದಲ ಅರ್ಧ. ಮಾದರಿ ಆಯ್ಕೆ, ಸರಾಸರಿ, ವಿಚಲನ, ಎಲ್ಲ ಮರೆತು ಹೋಗಿತ್ತು. ದಿನಾ ಬೆಳಿಗ್ಗೆ 5ಕ್ಕೆ ಎದ್ದು, ಮಗಳು ಏಳುವ ಮುಂಚೆ ಒಂದೂವರೆ ಗಂಟೆ ಓದಿದೆ. ಆಯ್ಕೆಯಲ್ಲಿ ಪರೀಕ್ಷೆಗೆ 70%, ಸಂದರ್ಶನಕ್ಕೆ 30%. ಜೆಆರ್‌ಎಫ್ ಅನ್ನುವ ಸಂಶೋಧನಾ ಫೆಲೋಶಿಪ್ ಇರುವವರಿಗೆ ಈ ಪರೀಕ್ಷೆಯ ಕಾಟ ಇಲ್ಲ, ಸಂದರ್ಶನ ಮಾತ್ರ. ನನ್ನ ಪುಣ್ಯ ಅಷ್ಟಿರಲಿಲ್ಲ.

ಸಂದರ್ಶನದಲ್ಲಿ ಐದು ಜನ ಕೂತಿದ್ದರು. ಒಬ್ಬರು ಕೇಳಿದರು, "ಸಮೀಕ್ಷೆಗೆ 80 ಮನೆ ಅಂತ ಬರೆದಿದ್ದೀರಿ. ಯಾಕೆ 80?" ಸೂತ್ರ ಹೇಳಲು ಹೊರಟವಳು ನಿಲ್ಲಿಸಿದೆ. "ಸರ್, ಮೂರು ಊರು, ಒಬ್ಬಳೇ ಓಡಾಡಬೇಕು. ಒಂದು ಕೊಯ್ಲಿನಲ್ಲಿ ಅಷ್ಟು ಮನೆ ಮುಗಿಸಬಹುದು." ಅವರು ನಕ್ಕರು. ಇನ್ನೊಬ್ಬರು, "ನೀವೇ ಆ ಕಡೆಯವರು. ನಿಮ್ಮ ಅಮ್ಮ ಸುಲಿದವರು. ನಿಮ್ಮ ಅಭಿಪ್ರಾಯ ಅದರಲ್ಲಿ ಬೆರೆಯಲ್ವಾ?" ಅಂದರು. "ಬೆರೆಯುತ್ತೆ ಸರ್" ಅಂದೆ. ಅದಕ್ಕೇ ಮಿಷನ್ ಇಟ್ಟ ಮನೆಯವರನ್ನೂ ಮಾತಾಡಿಸುತ್ತೇನೆ, ಅವರು ಕೊಟ್ಟ ಕೂಲಿಯ ಹಳೇ ಲೆಕ್ಕದ ಪುಸ್ತಕ ಕೇಳುತ್ತೇನೆ ಅಂತ ವಿವರಿಸಿದೆ. ತಪ್ಪಾಯ್ತೇನೋ ಅಂತ ಬಸ್ಸಿನಲ್ಲಿ ಆಯನೂರು ದಾಟುವವರೆಗೂ ಚಡಪಡಿಕೆ.

ಪಟ್ಟಿಯಲ್ಲಿ ಹೆಸರು ಬಂತು. ಈಗ ಸಂಶೋಧನೆಗೆ ಮುಂಚಿನ ಪಾಠಗಳು, ಅಂದರೆ ಕೋರ್ಸ್ ವರ್ಕ್ ನಡೆಯುತ್ತಿದೆ, ಕನಿಷ್ಠ 12 ಕ್ರೆಡಿಟ್. ಮುಗಿಸಲು ಆರು ವರ್ಷದ ಗಡುವು, ಹೆಂಗಸರಿಗೆ ಇನ್ನೂ ಎರಡು ವರ್ಷದ ರಿಯಾಯಿತಿ ಸಿಗುತ್ತದೆ. ಅಮ್ಮನ ಹತ್ತಿರ ಕೂತು ಹಳೇ ಕ್ಯಾಲೆಂಡರಿನ ಹಿಂದೆ ಹೆಸರು ಬರೆದುಕೊಂಡೆ. ಅವಳ ಜೊತೆ ಸುಲಿಯಲು ಕೂರುತ್ತಿದ್ದವರು 11 ಜನ. ಇಬ್ಬರು ಈಗಿಲ್ಲ, ಒಬ್ಬಳು ಶಿವಮೊಗ್ಗದಲ್ಲಿ ಮನೆಗೆಲಸಕ್ಕೆ ಇದ್ದಾಳಂತೆ. ಮೊದಲು ಅವಳನ್ನೇ ಹುಡುಕಬೇಕು.