ಬ್ಯಾಚ್ ಫೈಲಿನಲ್ಲಿ ಕನ್ನಡ ಹೆಸರಿದ್ದರೆ
ಟಿವಿಯಿಂದ ರೆಕಾರ್ಡ್ ಮಾಡಿದ ಯಕ್ಷಗಾನವನ್ನು ವಿಡಿಯೊ ಬದಲಾಯಿಸುವ ಪ್ರೋಗ್ರಾಂ ಆದ ಎಫ್‌ಎಫ್‌ಎಂಪೆಗ್‌ನಲ್ಲಿ ಚಿಕ್ಕದು ಮಾಡುವವರು, ಬ್ಯಾಚ್ ಫೈಲಿನ (ಒಂದರ ಹಿಂದೊಂದು ನಡೆಯುವ ಆದೇಶಗಳನ್ನು ಬರೆದಿಟ್ಟ ಫೈಲ್) ಒಳಗೆ ‘ಕುಂಬಳೆ ತಾಳಮದ್ದಳೆ’ ಅಂತ ಕನ್ನಡದಲ್ಲೇ ಫೋಲ್ಡರ್ ಹೆಸರು ಬರೆದಿದ್ದರೆ, ಶುರುವಿನಲ್ಲೇ ಸಿಎಚ್‌ಸಿಪಿ, ಒಂದು ಸ್ಪೇಸ್, 65001 ಅಂತ ಇಂಗ್ಲಿಷಿನಲ್ಲಿ ಒಂದು ಸಾಲು ಹಾಕಿ. ವಿಂಡೋಸಿನ ಕಪ್ಪು ಕಿಟಕಿ ಹಳೆಯ ಕೋಡ್ ಪೇಜ್ (ಯಾವ ಸಂಖ್ಯೆಗೆ ಯಾವ ಅಕ್ಷರ ಅನ್ನುವ ಪಟ್ಟಿ) ಹಿಡಿದು ಓದುತ್ತದೆ, ಅದಕ್ಕೇ ಅಕ್ಷರ ಚೆಲ್ಲಾಪಿಲ್ಲಿಯಾಗಿ ಫೈಲ್ ಸಿಗುವುದಿಲ್ಲ. 65001 ಅಂದರೆ ಯುಟಿಎಫ್-8, ಕನ್ನಡವನ್ನೂ ಹಿಡಿಸುವ ಪಟ್ಟಿ. ಆಮೇಲೂ ಚೌಕ ಚೌಕ ಕಂಡರೆ ಹೆದರಬೇಡಿ, ಅದು ಸುಮ್ನೆ ಫಾಂಟಿನ ತೊಂದರೆ, ಕೆಲಸ ನಡೆಯುತ್ತದೆ. ಆದರೆ ನೋಟ್‌ಪ್ಯಾಡ್‌ನಲ್ಲಿ ‘ಯುಟಿಎಫ್-8 ವಿತ್ ಬಿಒಎಂ’ (ಫೈಲಿನ ಶುರುವಿಗೆ ಕಾಣದ ಗುರುತೊಂದನ್ನು ಸೇರಿಸುವ ಬಗೆ) ಆರಿಸಿ ಸೇವ್ ಮಾಡಿದ್ದರೆ ಮೊದಲ ಸಾಲೇ ಎಡವುತ್ತದೆ, ಬರೀ ಯುಟಿಎಫ್-8 ಇಡಿ. ಪೂರ್ತಿ ಪಾಥ್ (ಡ್ರೈವ್, ಫೋಲ್ಡರ್, ಫೈಲ್ ಹೆಸರು ಎಲ್ಲ ಸೇರಿದ ವಿಳಾಸ) 260 ಅಕ್ಷರ ಮುಟ್ಟಿದರೂ ಈ ಸಾಲು ಉಪಯೋಗಕ್ಕೆ ಬರಲ್ಲ. ಒತ್ತಿಗೆ, ಗುಣಿತಕ್ಕೆ ಎಲ್ಲ ಬೇರೆ ಬೇರೆ ಲೆಕ್ಕ, ಹಾಗಾಗಿ ಕನ್ನಡದಲ್ಲಿ ಬೇಗ ತುಂಬುತ್ತದೆ.